ಡೀಬಗ್ ಲಾಗ್‌ನಲ್ಲಿ ಪಾಸ್‌ವರ್ಡ್, ಟೋಕನ್ ಬರ್ತಿತ್ತು, ಹೀಗೆ ಸರಿ ಮಾಡ್ದೆ

ಮೊನ್ನೆ ನಮ್ಮ ಆಂಡ್ರಾಯ್ಡ್ ಆ್ಯಪ್‌ದು ಯಾವುದೋ ಬಗ್ ಹುಡುಕ್ತಾ ಲಾಗ್‌ಕ್ಯಾಟ್ (ಆಂಡ್ರಾಯ್ಡ್‌ನ ಲಾಗ್ ತೋರಿಸೋ ಟೂಲ್) ನೋಡ್ತಿದ್ದೆ, ಆಥರೈಸೇಶನ್ ಬೇರರ್ ಅಂತ ಶುರುವಾಗಿ ಇಡೀ ಟೋಕನ್ (ಲಾಗಿನ್ ಆದ್ಮೇಲೆ ಪಾಸ್‌ವರ್ಡ್ ಬದ್ಲು ಸರ್ವರ್‌ಗೆ ತೋರಿಸೋ ಗುಟ್ಟಿನ ಕೀ) ಅಲ್ಲೇ ಇತ್ತು, ಸ್ವಲ್ಪ ಕೆಳಗೆ ಲಾಗಿನ್ ಪಾಸ್‌ವರ್ಡ್ ಕೂಡ, ಎದೆ ಧಸಕ್ ಅಂತು. ಇದೇ ಲಾಗ್ ಫೈಲನ್ನ ಟೆಸ್ಟಿಂಗ್ ಟೀಮ್ ಚಾಟ್‌ನಲ್ಲಿ ದಿನಾ ಹಾಕ್ತಿದ್ವಲ್ಲ!

ಆ್ಯಪ್ ಮತ್ತು ಸರ್ವರ್ ಮಧ್ಯೆ ಹೋಗಿಬರೋದನ್ನ ಲಾಗ್ ಮಾಡೋ ಓಕೆಎಚ್‌ಟಿಟಿಪಿ ಲಾಗಿಂಗ್ ಇಂಟರ್‌ಸೆಪ್ಟರ್‌ನ ಬಾಡಿ ಲೆವೆಲ್‌ನಲ್ಲಿ ಇಟ್ಟಿದ್ದೇ ಕಾರಣ, ಅದ್ರಲ್ಲಿ ಹೆಡರ್ (ರಿಕ್ವೆಸ್ಟ್ ಜೊತೆ ಹೋಗೋ ವಿವರಗಳು), ಬಾಡಿ (ಒಳಗಿನ ಡೇಟಾ) ಎರಡೂ ಪ್ರಿಂಟ್ ಆಗುತ್ತೆ. ಅದ್ರಲ್ಲೇ ರಿಡ್ಯಾಕ್ಟ್‌ಹೆಡರ್ ಅಂತ ಮೆಥಡ್ ಇದೆ, ಆಥರೈಸೇಶನ್, ಕುಕಿ, ಸೆಟ್-ಕುಕಿ ಮೂರಕ್ಕೂ ಹಾಕ್ದೆ, ಈಗ ಟೋಕನ್ ಜಾಗದಲ್ಲಿ ██ ಅಂತ ಕಪ್ಪು ಚೌಕ ಮಾತ್ರ ಬರುತ್ತೆ. ಆದ್ರೆ ಇದು ಹೆಡರ್ ಮಾತ್ರ ಮುಚ್ಚೋದು, ಬಾಡೀಲಿರೋ ಪಾಸ್‌ವರ್ಡ್ ಹಾಗೇ ಪ್ರಿಂಟ್ ಆಗ್ತಾ ಇರುತ್ತೆ, ನಾನು ಇಲ್ಲೇ ಅರ್ಧ ದಿನ ಒದ್ದಾಡಿದ್ದು. ಕೊನೆಗೆ ಲೆವೆಲ್ಲನ್ನ ಬಾಡಿ ಪ್ರಿಂಟ್ ಮಾಡದ ಹೆಡರ್ಸ್‌ಗೆ ಇಳಿಸ್ದೆ, ಬಳಕೆದಾರರಿಗೆ ಹೋಗೋ ರಿಲೀಸ್ ಬಿಲ್ಡ್‌ಗೆ NONE, ಅಂದ್ರೆ ಏನೂ ಲಾಗ್ ಆಗದ ಲೆವೆಲ್ ಇಟ್ಟೆ.

ಯುಆರ್‌ಎಲ್ ಹೆಡರ್ಸ್ ಲೆವೆಲ್‌ನಲ್ಲೂ ಪ್ರಿಂಟ್ ಆಗುತ್ತೆ, ಹಾಗಾಗಿ ಅದ್ರಲ್ಲಿ ಟೋಕನ್ ಕಳಿಸ್ಲೇಬೇಡಿ. ಈಗಾಗ್ಲೇ ಹೊರಗೆ ಹೋಗಿರೋ ಲಾಗ್ ಡಿಲೀಟ್ ಮಾಡಿದ್ರೆ ಸಾಲಲ್ಲ ಅಂತ ಹಳೇ ಟೋಕನ್ ಎಲ್ಲಾ ರದ್ದು ಮಾಡಿ, ಟೆಸ್ಟ್ ಅಕೌಂಟ್ ಪಾಸ್‌ವರ್ಡೂ ಬದಲಾಯಿಸಿದ್ವಿ.