ರಬ್ಬರಿನಲ್ಲಿ ಅಳಿಸಿದ ಗ್ರಹ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕಾರ್ತಿಕ ಬಂತೆಂದರೆ ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮುಂದೆ ಕೂತ ದೊಡ್ಡಮ್ಮ ಕಳೆದ ವರ್ಷ ಕೇಳಿದರು: "ಯಾರೂ ಕಾಣದ ಗ್ರಹ ಇದೆ ಅಂತ ಮೊಬೈಲಲ್ಲಿ ಬಂದಿತ್ತಲ್ಲ. ಇದ್ದಿದ್ದರೆ ಇಷ್ಟು ಜನರಲ್ಲಿ ಒಬ್ಬರ ಕಣ್ಣಿಗಾದರೂ ಬೀಳ್ತಿರಲಿಲ್ವನಾ?"

"ಕಣ್ಣಿಗೆ ಬಿದ್ದರೆ ಸಾಲದು ದೊಡ್ಡಮ್ಮ" ಅಂದೆ. ಅಂದಮೇಲೆ ತೋರಿಸಬೇಕಲ್ಲ.

ಅದಕ್ಕೆ ಯುರೇನಸ್ಸೇ ಸರಿ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೂ ಕಷ್ಟಪಟ್ಟು ನಿಲುಕುತ್ತದೆ. ಆದರೂ 1781ರಲ್ಲಿ ಖಗೋಳಜ್ಞ ಹರ್ಷೆಲ್ ಗುರುತಿಸುವ ತನಕ ಅದು ಗ್ರಹವೆಂದು ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ಖಗೋಳಜ್ಞ ಫ್ಲಾಮ್‌ಸ್ಟೀಡ್ 1690ರಲ್ಲೇ ಅದನ್ನು ನೋಡಿ, ವೃಷಭದ ಒಂದು ನಕ್ಷತ್ರವೆಂದು ಬರೆದಿಟ್ಟಿದ್ದ. ಯುರೇನಸ್ಸಿಗೆ ಸೂರ್ಯನ ಸುತ್ತ 84 ವರ್ಷಕ್ಕೊಂದು ಸುತ್ತು. ಅಲ್ಲಿಂದ ಹೆಚ್ಚುಕಡಿಮೆ ನಾಲ್ಕು ಸುತ್ತು ಮುಗಿಸಿ ಈಗ ಮತ್ತೆ ವೃಷಭದಲ್ಲೇ ಇದೆ.

2025ರ ನವೆಂಬರ್ 20, ಅಮಾವಾಸ್ಯೆ. ಅಂಗಳದಲ್ಲಿ ಚಾಪೆ ಹಾಸಿ, ಮಫ್ಲರ್ ಸುತ್ತಿ ಅಂಗಾತ ಮಲಗಿದೆ. ನನ್ನ 10x50 ಬೈನಾಕ್ಯುಲರಿನಲ್ಲಿ ಕೃತ್ತಿಕೆ ಸಿಕ್ಕಿದ್ದೇ ತಡ, ಉಸಿರು ತಾಗಿ ಗಾಜು ಮಂಜಾಯಿತು. ಒಮ್ಮೆ ಒರೆಸುವುದು, ಒಮ್ಮೆ ನೋಡುವುದು. ಅಡಿಕೆ ಬೇಯಿಸುವ ಒಲೆಯ ಹೊಗೆ ಬೇರೆ. ಕೃತ್ತಿಕೆಯಿಂದ ದಕ್ಷಿಣಕ್ಕೆ ಕಂಡ ಚುಕ್ಕಿಗಳನ್ನೆಲ್ಲ ಪೆನ್ಸಿಲಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿದೆ. ನಕ್ಷತ್ರಗಳ ನಡುವೆ ದಿನ ಕಳೆದಂತೆ ಜಾಗ ಬದಲಿಸುವ ಚುಕ್ಕಿಯೇ ಗ್ರಹ. ಯುರೇನಸ್ ಯಾವುದೆಂದು ಆ್ಯಪ್ ನೋಡಬಾರದು ಅಂತ ನನಗೆ ನಾನೇ ಹಾಕಿಕೊಂಡ ಶರತ್ತು.

29ಕ್ಕೆ ಮತ್ತೆ ನೋಡಿದಾಗ ಒಂದು ಚುಕ್ಕಿ ಚಿತ್ರಕ್ಕೆ ಹೊಂದಲಿಲ್ಲ. ಆ ದಿನ ಬೆಳದಿಂಗಳು, ಮೊದಲ ದಿನ ಚಳಿಗೆ ಕೈ ನಡುಗಿತ್ತು. ನಾನೇ ತಪ್ಪು ಗುರುತು ಹಾಕಿದ್ದೇನೆ ಎಂದುಕೊಂಡು ರಬ್ಬರಿನಲ್ಲಿ ಅಳಿಸಿ 'ಸರಿಯಾದ' ಜಾಗಕ್ಕೆ ಹಾಕಿದೆ. ಎಳ್ಳಮಾವಾಸ್ಯೆ ಜಾತ್ರೆಯಿಂದ ಬಂದ ರಾತ್ರಿ ನೋಡುತ್ತೇನೆ, ಅದೇ ಚುಕ್ಕಿ ಪಶ್ಚಿಮಕ್ಕೆ ಇನ್ನೂ ಸರಿದಿದೆ. ಹಾಳೆಯನ್ನು ಟಾರ್ಚಿಗೆ ಓರೆ ಹಿಡಿದರೆ ಅಳಿಸಿದಲ್ಲಿ ಪೆನ್ಸಿಲ್ ಒತ್ತಿದ ಗುಳಿ ಹಾಗೇ ಇತ್ತು. ಅಲ್ಲಿಂದ ಇಲ್ಲಿಗೆ, ಒಂದು ತಿಂಗಳಿಗೆ, ಎರಡು ಹುಣ್ಣಿಮೆ ಚಂದ್ರರನ್ನು ಒತ್ತಿನಲ್ಲಿಟ್ಟಷ್ಟು ದೂರ.

ನಾಚಿಕೆಯಾಯಿತು, ಆದರೆ ಜೊತೆಗೆ ದೊಡ್ಡವರಿದ್ದಾರೆ. ಪ್ಯಾರಿಸ್ಸಿನಲ್ಲಿ ಖಗೋಳಜ್ಞ ಲಾಲಾಂಡ್‌ನ ನಕ್ಷತ್ರಪಟ್ಟಿಗಾಗಿ ಆಕಾಶ ನೋಡುತ್ತಿದ್ದಾಗ 1795ರ ಮೇ 8 ಮತ್ತು 10ರಂದು ಒಂದು 'ನಕ್ಷತ್ರ' ಜಾಗ ಬದಲಿಸಿತ್ತು. ಅಳತೆ ತಪ್ಪಿರಬೇಕೆಂದು ಬಿಟ್ಟರು. ಅದು ನೆಪ್ಚೂನ್. ಆಮೇಲೆ ಅದು ಸಿಕ್ಕಿದ್ದು 1846ರಲ್ಲಿ, ಲೆಕ್ಕ ಹಾಕಿ ಹುಡುಕಿದಾಗ.

ಹಾಗಾದರೆ ಇನ್ನೊಂದು ಗ್ರಹ ಹೀಗೆ ಕಣ್ಣೆದುರೇ ಕೂತಿರಬಹುದಾ? ನನಗೆ ಹಾಗನ್ನಿಸುವುದಿಲ್ಲ. ನಾನು ಪೆನ್ಸಿಲಿನಲ್ಲಿ ಮಾಡಿದ್ದನ್ನು ಈಗ ಕ್ಯಾಮೆರಾಗಳು ರಾತ್ರಿರಾತ್ರಿ ಮಾಡುತ್ತವೆ; ಬರಿಗಣ್ಣಿನ ಹೊಳಪಿನ ಗ್ರಹ ಅವುಗಳಿಂದ ತಪ್ಪಿಸಿಕೊಳ್ಳಲಾರದು. 2016ರಲ್ಲಿ ಬ್ಯಾಟಿಗಿನ್ ಮತ್ತು ಬ್ರೌನ್ ಎಂಬ ಖಗೋಳಜ್ಞರು ಲೆಕ್ಕದಿಂದ ಊಹಿಸಿದ ಒಂಬತ್ತನೇ ಗ್ರಹ ನಿಜವಾಗಿ ಇದ್ದರೂ ಬಹಳ ದೂರ. ಬಿಸಿಲು ಅಲ್ಲಿಗೆ ಹೋಗುವಾಗಲೂ ಸೊರಗಬೇಕು, ಮರಳಿ ಬರುವಾಗಲೂ ಸೊರಗಬೇಕು: ದೂರ ಎರಡರಷ್ಟಾದರೆ ಹೊಳಪು ಹದಿನಾರರಲ್ಲಿ ಒಂದು ಪಾಲು. ನೆಪ್ಚೂನನ್ನೇ ಒಯ್ದು ಇಪ್ಪತ್ತರಷ್ಟು ದೂರ ಇಟ್ಟರೆ 1,60,000ದಲ್ಲಿ ಒಂದು ಪಾಲು. ನೆಪ್ಚೂನ್ ಈಗಲೇ ಬರಿಗಣ್ಣಿಗೆ ಕಾಣುವುದಿಲ್ಲ.

ದೊಡ್ಡಮ್ಮನನ್ನು ಚಾಪೆಯ ಮೇಲೆ ಮಲಗಿಸಿ ಬೈನಾಕ್ಯುಲರ್ ಕೊಟ್ಟೆ. ತುಂಬ ಹೊತ್ತು ನೋಡಿದರು.

"ಇಷ್ಟೇನಾ?"

"ಇಷ್ಟೇ."

"ನವಗ್ರಹದಲ್ಲಿ ಇದರ ಹೆಸರೇ ಇಲ್ವಲ್ಲ ಮಾರಾಯ. ಒಂದು ದಿನ ಪೂಜೆ ಕಂಡಿಲ್ಲ, ಆದರೂ ಯಾರಿಗೂ ಕಾಟ ಕೊಟ್ಟಿಲ್ಲ. ಪಾಪದ್ದು."