ಹಳೆಯ ಜರ್ಮನ್ ಸೇನಾ ಕತ್ತಿಯ ಮುದ್ರೆಗಳನ್ನು ಓದುವ ಕ್ರಮ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಹಳೆಯ ಮನೆಗಳಲ್ಲಿ ಆಯುಧಪೂಜೆಗೆಂದು ಹೊರತೆಗೆದ ಕತ್ತಿಯ ಮೇಲೆ ಪರದೇಶದ ಅಕ್ಷರಗಳು ಕಂಡರೆ, ಅವುಗಳನ್ನು ಓದುವ ಮೊದಲು ಹುಣಸೆಹಣ್ಣು, ಬೂದಿ, ಉಪ್ಪುಕಾಗದ ಇವಾವುದರಿಂದಲೂ ತಿಕ್ಕಬಾರದು. ಮುದ್ರೆಗಳ ಆಳ ಬಹಳ ಕಡಿಮೆ. ಹುಣಸೆಯ ಹುಳಿ ಕಬ್ಬಿಣವನ್ನು ತಿಂದರೆ ಅಕ್ಷರದ ಅಂಚು ಮತ್ತೆ ಬರುವುದಿಲ್ಲ. ಎರೆಭೂಮಿಯ ಧೂಳನ್ನು ಮೆತ್ತನೆಯ ಕುಂಚದಿಂದ ಕೊಡವಿ, ಗೆರೆಗಳಲ್ಲಿ ಗಟ್ಟಿಯಾದ ಕುಂಕುಮವನ್ನು ಹೊಲಿಗೆಯಂತ್ರದ ಎಣ್ಣೆ ಸವರಿದ ಹತ್ತಿಯಿಂದ ನೆನೆಸಿ ತೆಗೆಯಬೇಕು. ಬಳಿಕ ಟಾರ್ಚನ್ನು ಓರೆಯಾಗಿ ಹಿಡಿದರೆ, ನೇರ ಬೆಳಕಿನಲ್ಲಿ ಕಾಣದ ಮುದ್ರೆಯೂ ನೆರಳಾಗಿ ಎದ್ದು ಕಾಣುತ್ತದೆ.

ಹಿಡಿಗೆ ತಾಗಿದ ಅಲಗಿನ ಬುಡದಲ್ಲಿ ತಯಾರಕರ ಗುರುತಿರುತ್ತದೆ. ಇಂಥ ಅಲಗುಗಳಲ್ಲಿ ಹೆಚ್ಚಿನವು ಜರ್ಮನಿಯ ಜೋಲಿಂಗೆನ್ ಪಟ್ಟಣದವು. ಅಳಿಲಿನ ಚಿತ್ರ ಕಾರ್ಲ್ ಐಕ್‌ಹಾರ್ನ್ ಸಂಸ್ಥೆಯದು. ರಾಜನ ತಲೆ ಮತ್ತು ಶಿರಸ್ತ್ರಾಣ ತೊಟ್ಟ ಯೋಧನ ತಲೆ ಜೊತೆಯಾಗಿದ್ದರೆ ಅದು ವೈಯರ್ಸ್‌ಬರ್ಗ್ ಕಿರ್ಶ್‌ಬೌಮ್ ಸಂಸ್ಥೆಯದು. ಆ ಎರಡು ಮನೆತನಗಳ ವ್ಯಾಪಾರ ಒಂದಾದದ್ದು 1883ರಲ್ಲಿ. ಆದ್ದರಿಂದ ಜಂಟಿ ಹೆಸರಿರುವ ಅಲಗಿನ ಮೇಲೆ ಅದಕ್ಕಿಂತ ಹಿಂದಿನ ಇಸವಿ ಕಂಡರೆ ಸಂಶಯಪಡಲೇಬೇಕು.

ನನ್ನ ಮಟ್ಟಿಗೆ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ಅಲಗಿನ ಬೆನ್ನಿನ, ಅಂದರೆ ಹರಿತವಿಲ್ಲದ ದಪ್ಪ ಅಂಚಿನ, ಮೇಲಿರುತ್ತದೆ. ಜರ್ಮನ್ ಸಾಮ್ರಾಜ್ಯದ ಅತಿ ದೊಡ್ಡ ರಾಜ್ಯವಾಗಿದ್ದ ಪ್ರಷ್ಯದ ಸರ್ಕಾರ ಪರೀಕ್ಷಿಸಿ ಒಪ್ಪಿಕೊಂಡ ಕತ್ತಿಯಲ್ಲಿ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಮೊದಲಕ್ಷರ, ಅದರ ಕೆಳಗೆ ಇಸವಿಯ ಕೊನೆಯ ಎರಡು ಅಂಕಿಗಳು ಒತ್ತಿರುತ್ತವೆ. ‘ಡಬ್ಲ್ಯೂ 81’ ಎಂದಿದ್ದರೆ ಒಂದನೆಯ ವಿಲ್ಹೆಲ್ಮನ ಕಾಲದ 1881. ‘ಡಬ್ಲ್ಯೂ 95’ ಎಂದಿದ್ದರೆ ಎರಡನೆಯ ವಿಲ್ಹೆಲ್ಮನ 1895. ಆದರೆ 88 ಎಂದಿದ್ದಲ್ಲಿ ಅವಸರ ಬೇಡ: ಆ ವರ್ಷದ ಮಾರ್ಚ್‌ನಲ್ಲಿ ಒಂದನೆಯವನು ತೀರಿಕೊಂಡು, ಜೂನ್‌ನಲ್ಲಿ ಎರಡನೆಯವನು ಪಟ್ಟಕ್ಕೆ ಬಂದದ್ದರಿಂದ ಆ ಒಂದಕ್ಷರದಿಂದ ರಾಜನನ್ನು ನಿರ್ಣಯಿಸಲಾಗದು. 1891ರಿಂದ 1918ರವರೆಗೆ ಅದೇ ಸಾಮ್ರಾಜ್ಯದ ಇನ್ನೊಂದು ರಾಜ್ಯವಾದ ವ್ಯೂರ್ಟೆಂಬರ್ಗನ್ನು ಆಳಿದವನೂ ವಿಲ್ಹೆಲ್ಮ ಎಂಬ ಹೆಸರಿನ ಬೇರೊಬ್ಬ ರಾಜನೇ ಆಗಿದ್ದರಿಂದ, ಇಂಥಲ್ಲಿ ಕೈಕಾಪಿನ (ಹಿಡಿದ ಕೈಯನ್ನು ಕಾಯುವ ಲೋಹದ ಭಾಗದ) ಲಾಂಛನವನ್ನೂ ನೋಡಬೇಕು. 1889ರ ಮಾದರಿಯ ಅಶ್ವದಳದ ಕತ್ತಿಯಲ್ಲಿ ಹದ್ದಿದ್ದರೆ ಪ್ರಷ್ಯ, ಜಿಂಕೆಯ ಕೊಂಬುಗಳ ಲಾಂಛನವಿದ್ದರೆ ವ್ಯೂರ್ಟೆಂಬರ್ಗ್.

ಕೈಕಾಪಿನ ಮೇಲೆ ಚುಕ್ಕಿಗಳಿಂದ ಬೇರ್ಪಡಿಸಿದ ಅಂಕಿ-ಅಕ್ಷರಗಳು ದಳದ ಗುರುತು. ಉದಾಹರಣೆಗೆ ‘12. ಎಚ್. 3. 45’ ಎಂದರೆ 12ನೆಯ ಹುಸಾರ್ (ಒಂದು ಬಗೆಯ ಅಶ್ವದಳ) ರೆಜಿಮೆಂಟಿನ 3ನೆಯ ಸ್ಕ್ವಾಡ್ರನ್ನಿನ, ಅಂದರೆ ಉಪದಳದ, 45ನೆಯ ಆಯುಧ. ‘ಡಿ’ ಡ್ರಗೂನ್, ‘ಯು’ ಉಲಾನ್, ‘ಕೆ’ ಕ್ಯುರಾಸಿಯರ್ ಎಂಬ ಇತರ ಅಶ್ವದಳಗಳನ್ನು ಸೂಚಿಸುತ್ತವೆ. ಒರೆಯ ಬಾಯಿಯ ಬಳಿಯೂ ಇದೇ ಅಂಕಿಗಳಿದ್ದರೆ ಕತ್ತಿಯೂ ಒರೆಯೂ ಮೊದಲಿನಿಂದ ಜೊತೆಯಾಗಿದ್ದವೆಂದು ಬಹುಮಟ್ಟಿಗೆ ಹೇಳಬಹುದು. ಹೊಂದದಿದ್ದರೆ ಅದು ನಕಲಿಯೆಂದಲ್ಲ, ಒರೆಗಳು ಸೇವೆಯಲ್ಲಿದ್ದಾಗಲೇ ಅದಲುಬದಲಾಗುತ್ತಿದ್ದವು. ಅಧಿಕಾರಿಗಳು ಸ್ವಂತ ಹಣದಿಂದ ಕೊಂಡ ಕತ್ತಿಗಳಲ್ಲಿ ಸಾಮಾನ್ಯವಾಗಿ ಈ ಗುರುತುಗಳಿರುವುದಿಲ್ಲ.

ನಮ್ಮ ಕಡೆ ವಿಶೇಷವಾಗಿ ಗಮನಿಸಬೇಕಾದದ್ದು ಇಂಗ್ಲಿಷಿನಲ್ಲಿ ‘ಜರ್ಮನಿ’ ಎಂಬ ಬರಹ. ಬ್ರಿಟಿಷರ 1887ರ ಮತ್ತು ಭಾರತದ 1889ರ ಸರಕು ಮುದ್ರೆ ಕಾಯಿದೆಗಳ ಬಳಿಕ ಪರದೇಶದ ಸರಕಿನ ಮೇಲೆ ದೇಶದ ಹೆಸರು ಹಾಕುವ ರೂಢಿ ಬಲವಾಯಿತು. ಬೆನ್ನಿನ ಮುದ್ರೆಯಿಲ್ಲದೆ ಈ ಬರಹ ಮಾತ್ರ ಇದ್ದರೆ, ಅದು ಜರ್ಮನ್ ಸೇನೆಯದಲ್ಲ, ಮಾರಾಟಕ್ಕೆಂದು ಇಲ್ಲಿಗೆ ಬಂದ ಕತ್ತಿ ಎಂಬ ಸಾಧ್ಯತೆಯೇ ಹೆಚ್ಚು.

ಪ್ರತಿ ಮುದ್ರೆಯ ಮೇಲೂ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಪಡಿಯಚ್ಚು ತೆಗೆದು, ಅದು ಕತ್ತಿಯ ಯಾವ ಭಾಗದಲ್ಲಿತ್ತೆಂದು ಪಕ್ಕದಲ್ಲೇ ಬರೆದಿಡಬೇಕು. ನೂರು ವರ್ಷ ದಾಟಿದ ಕತ್ತಿ 1972ರ ಪುರಾವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಮಾರುವಂತಿಲ್ಲ.