ಮರೆವು, ಬೆನ್ನಿನ ನೀರು ಮತ್ತು ಒಂದು ಪ್ಲಾಸ್ಟಿಕ್ ಟ್ಯೂಬು: ನನ್ನ ಅನುಭವ

ಮರೆವು ಅಂತ ಬರುವ ಎಲ್ಲರಿಗೂ ನಾನು ಬೆನ್ನಿನ ನೀರಿನ (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ಪರೀಕ್ಷೆ ಬರೆಯುವುದಿಲ್ಲ. ಮೊದಲು ಬಿ12, ಥೈರಾಯ್ಡ್, ಎಂಆರ್‌ಐ ನೋಡುತ್ತೇನೆ. ಖಿನ್ನತೆಯಿಂದಲೂ ನಿದ್ದೆ ಮಾತ್ರೆಯಿಂದಲೂ ಮರೆವು ಬರುತ್ತದೆ. ಇಷ್ಟಾದರೂ ಅನುಮಾನ ಉಳಿದರೆ, ಅದರಲ್ಲೂ 65 ದಾಟದವರಲ್ಲಿ, ಆಲ್‌ಝೈಮರ್ ಹೌದೋ ಅಲ್ಲವೋ ಎಂದು ತಿಳಿಯಲು ಸೂಜಿ ಹಿಡಿಯುತ್ತೇನೆ.

ಮನೆಯವರು ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಬೆನ್ನಿಗೆ ಸೂಜಿ ಹಾಕಿದ್ರೆ ಕಾಲು ಬಿದ್ದೋಗಲ್ವಾ?" ಅವರ ಬೆನ್ನ ಮೇಲೇ ಬೆರಳಿಟ್ಟು ತೋರಿಸುತ್ತೇನೆ. ಬೆನ್ನುಹುರಿ ಸೊಂಟದ ಒಂದನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕು ಅಥವಾ ನಾಲ್ಕು-ಐದನೇ ಮೂಳೆಗಳ ನಡುವೆ. ತೆಗೆಯುವುದು 10 ಮಿ.ಲೀ. ಆಸುಪಾಸು. ದೇಹ ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಮಾಡಿಕೊಳ್ಳುತ್ತದೆ. ಕೆಲವರಿಗೆ ಆಮೇಲೆ ತಲೆನೋವು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಕತ್ತರಿಸುವ ಅಂಚಿಲ್ಲದ ಪೆನ್ಸಿಲ್‌ಪಾಯಿಂಟ್ ಸೂಜಿ ಬಳಸಿದರೆ ಅದು ಬಹಳ ಕಡಿಮೆ.

ನನಗೆ ಜಾಸ್ತಿ ಚಿಂತೆ ಟ್ಯೂಬಿನದು. ನಾವು ಅಳೆಯುವ ಅಮಿಲಾಯ್ಡ್-ಬೀಟಾ 42 ಎಂಬ ಪ್ರೋಟೀನು ಗಾಜಿಗೂ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ಪಾತ್ರೆಯಿಂದ ಪಾತ್ರೆಗೆ ಸುರಿದಷ್ಟೂ ತುಪ್ಪ ಕಮ್ಮಿಯಾದ ಹಾಗೆ, ಟ್ಯೂಬು ಬದಲಿಸಿದಷ್ಟೂ ಇದೂ ಕಮ್ಮಿ. ಆಲ್‌ಝೈಮರ್‌ನಲ್ಲಿ ಕಮ್ಮಿಯಾಗುವುದೂ ಇದೇ ಪ್ರೋಟೀನು! ಮಿದುಳಿನಲ್ಲಿ ಗಡ್ಡೆಕಟ್ಟಿ ಕೂತಿರುವುದರಿಂದ ನೀರಿಗೆ ಬರುವುದು ಕಡಿಮೆ. ಅಂದರೆ ತಪ್ಪು ಟ್ಯೂಬು ಒಂದೇ ಸಾಕು, ಆರೋಗ್ಯವಾಗಿರುವವರಿಗೆ ಕಾಯಿಲೆಯ ಹಣೆಪಟ್ಟಿ ಹಚ್ಚಲು. ಅದಕ್ಕೇ ಇದು ಕಡಿಮೆ ಅಂಟುವ ಪ್ಲಾಸ್ಟಿಕ್ಕಾದ ಪಾಲಿಪ್ರೊಪಿಲೀನ್ ಟ್ಯೂಬನ್ನೇ ಕೇಳಿ ಪಡೆಯುತ್ತೇನೆ. ರಕ್ತ ಬೆರೆತ ಮೊದಲ ಹನಿಗಳನ್ನು ಬಿಟ್ಟು, ನೀರು ತಿಳಿಯಾದ ಮೇಲೆ ನೇರ ಅದರೊಳಗೇ ಹನಿಸುತ್ತೇನೆ. ಲ್ಯಾಬಿಗೆ 42 ಮಾತ್ರ ಬೇಡ, 42/40 ಅನುಪಾತ ಬೇಕು ಎಂದು ಬರೆಯುತ್ತೇನೆ. 40 ಅಂದರೆ ಅದೇ ಅಮಿಲಾಯ್ಡ್-ಬೀಟಾದ ಇನ್ನೊಂದು ರೂಪ; ಅದೂ ಅಂಟುವ ಜಾತಿಯೇ, ಹಾಗಾಗಿ ಅನುಪಾತ ಅಷ್ಟು ಸುಲಭಕ್ಕೆ ಏರುಪೇರಾಗುವುದಿಲ್ಲ.

ಅನುಪಾತ ಇಳಿದು, ಜೊತೆಗೆ ಪಿ-ಟೌ (ಟೌ ಎಂಬ ಇನ್ನೊಂದು ಪ್ರೋಟೀನಿನ ಫಾಸ್ಫೇಟ್ ಅಂಟಿದ ರೂಪ) ಏರಿದ್ದರೆ ಆಲ್‌ಝೈಮರ್ ಎನ್ನಲು ಧೈರ್ಯ ಬರುತ್ತದೆ. ಒಟ್ಟು ಟೌ ಒಂದೇ ವಿಪರೀತ ಏರಿದ್ದರೆ, ತೊಂದರೆ ವಾರವಾರಕ್ಕೂ ಹೆಚ್ಚುತ್ತಿದ್ದರೆ, ಮಿದುಳನ್ನು ಬಹಳ ಬೇಗ ಹಾಳುಮಾಡುವ ಸಿಜೆಡಿಯಂಥ ಬೇರೆ ಕಾಯಿಲೆ ಯೋಚಿಸಬೇಕು.

"ಆರು ತಿಂಗಳಿಗೊಮ್ಮೆ ನೀರು ತೆಗೆಸಿ ನೋಡೋಣ್ವಾ?" ಎಂದು ಕೆಲವರು ಕೇಳುತ್ತಾರೆ. ಬೇಡ. ಅಮಿಲಾಯ್ಡ್ ಬದಲಾವಣೆ ಮರೆವು ಕಾಣುವುದಕ್ಕೆ ಹದಿನೈದು-ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಮರೆವು ಹೆಚ್ಚುವ ಹೊತ್ತಿಗೆ ಆ ಅಂಕಿ ಹೆಚ್ಚುಕಮ್ಮಿ ನಿಂತಿರುತ್ತದೆ. ಇದು ಯಾವ ಕಾಯಿಲೆ ಅನ್ನುವುದನ್ನು ಹೇಳುತ್ತದೆ, ಎಷ್ಟು ಮುಂದೆ ಹೋಗಿದೆ ಅನ್ನುವುದನ್ನಲ್ಲ. ಅದಕ್ಕೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೆನಪಿನ ಪರೀಕ್ಷೆ ಮಾಡುತ್ತೇನೆ. ಆಮೇಲೆ ಮಗಳನ್ನೋ ಸೊಸೆಯನ್ನೋ ಪಕ್ಕಕ್ಕೆ ಕರೆದು ಕೇಳುತ್ತೇನೆ: ಪೆನ್ಷನ್ ಲೆಕ್ಕ ಈಗ ಯಾರು ನೋಡುತ್ತಾರೆ? ಅಂಗಡಿಗೆ ಹೋದರೆ ಒಬ್ಬರೇ ವಾಪಸ್ ಬರುತ್ತಾರಾ? ಬೆಳಗಿನ ಮಾತ್ರೆ ಎರಡು ಸಲ ತಗೊಂಡಿದ್ದು ಇದೆಯಾ?